ಬೋರ್ಡು ಓದುವ ಬಾಯಿ

ಕುಂಬಳೆಯಲ್ಲಿ ರೈಲು ಇಳಿದು ಒಳಗಿನ ಊರುಗಳಿಗೆ ಬಸ್ಸು ಹಿಡಿದವರು ಮುದ್ದಣ್ಣನ ಮುಖ ನೋಡಿರಬೇಕೆಂದಿಲ್ಲ, ಸ್ವರ ಮಾತ್ರ ಕೇಳಿಯೇ ಇರುತ್ತಾರೆ. ಬಸ್ಸಿನ ಹಣೆಯ ಮೇಲಿನ ಬೋರ್ಡು ಮಲಯಾಳದಲ್ಲಿ. ಈಗಿನ ಮಕ್ಕಳು ಅದನ್ನು ಪಟಪಟನೆ ಓದುತ್ತಾರೆ. ಕನ್ನಡ ಶಾಲೆಯಲ್ಲಿ ನಾಲ್ಕನೆಯದೋ ಐದನೆಯದೋ ಮುಗಿಸಿ ಕೆಲಸಕ್ಕೆ ಇಳಿದವರಿಗೆ, ಶಾಲೆಯ ಮೆಟ್ಟಿಲನ್ನೇ ಹತ್ತದವರಿಗೆ, ಅದು ಗೋಡೆಯ ಮೇಲೆ ಬಸವನಹುಳು ಹರಿದ ಗುರುತಿನ ಹಾಗೆ. ಅಂಥವರು ಬೋರ್ಡಿನ ಕಡೆ ತಲೆಯೆತ್ತುವುದೇ ಇಲ್ಲ. ಕಿವಿ ಕೊಟ್ಟು ನಿಲ್ಲುತ್ತಾರೆ. ಬಸ್ಸು ಬಂದು ನಿಂತ ಕೂಡಲೇ ಮುದ್ದಣ್ಣ ಅದರ ಪಕ್ಕೆಗೆ ಎರಡು ಸಲ ಬಡಿದು, ಆಕಾಶಕ್ಕೆ ಮುಖ ಮಾಡಿ ಕೂಗುತ್ತಾನೆ: "ಸೀತಾಂಗೋಳಿ, ಪುತ್ತಿಗೆ, ಅಂಗಡಿಮೊಗರೂ!" ಇನ್ನೊಂದು ಬಸ್ಸಾದರೆ, "ನೀರ್ಚಾಲು, ಬದಿಯಡ್ಕ, ಪೆರ್ಲ, ಪುತ್ತೂರೇ!" ಬಸ್ಸಿನವರಿಗೆ ಅವನು ಏಜೆಂಟ್. ಊರವರಿಗೆ ಅವನೇ ಬೋರ್ಡು.

ಒಂದು ಬಸ್ಸು ಹೋಗಿ ಇನ್ನೊಂದು ಬರುವ ನಡುವೆ ಅವನಿಗೆ ಎಲೆಅಡಿಕೆ ಬೇಕು. ಎಲೆಗೆ ಸುಣ್ಣ ಸವರಿ, ಅಡಿಕೆಯ ಹೋಳು ಇಟ್ಟು, ಮಡಚಿ ಎಡದ ಕೆನ್ನೆಗೆ ತಳ್ಳಿದರೆ ಮುಂದಿನ ಬಸ್ಸಿನವರೆಗೆ ಅದು ಅಲ್ಲೇ. ಮೊದಲು ಹೊಗೆಸೊಪ್ಪೂ ಇತ್ತು. ಹೆಂಡತಿ ಹರಿಣಾಕ್ಷಿ ಹಟ ಹಿಡಿದು ಅದನ್ನು ಬಿಡಿಸಿದ್ದಳು. ಬಿಟ್ಟವನಿಗೆ ಆ ಹೆಮ್ಮೆ ಸಣ್ಣದಲ್ಲ. ಬೀಡಿ ಸೇದುವವರನ್ನು ಕಂಡರೆ, "ನಿಮ್ಮ ಎದೆ ಕಪ್ಪಾಗಿ ಹೋಗ್ತದೆ, ನನ್ನನ್ನು ನೋಡಿ ಕಲೀರಿ" ಅಂತ ಬುದ್ಧಿ ಹೇಳುವವರೆಗೆ ಬೆಳೆದಿತ್ತು ಅದು.

ಹೀಗಿರುವಾಗ ಒಂದು ದಿನ ಪುತ್ತಿಗೆಯ ಪಾತುಮ್ಮ ಬಿಪಿಯ ಮಾತ್ರೆ ತೆಗೆದುಕೊಂಡು ಮನೆಗೆ ಹೊರಟು ಸ್ಟ್ಯಾಂಡಿಗೆ ಬಂದರು. ಎರಡು ಬಸ್ಸು ಒಂದರ ಹಿಂದೆ ಒಂದು ನಿಂತಿದ್ದವು. ಸೀತಾಂಗೋಳಿಯವರೆಗೆ ಎರಡಕ್ಕೂ ಒಂದೇ ದಾರಿ. ಅಲ್ಲಿಂದ ಒಂದು ಪುತ್ತಿಗೆಗೆ ತಿರುಗುತ್ತದೆ, ಇನ್ನೊಂದು ನೆಟ್ಟಗೆ ಬದಿಯಡ್ಕ ದಾಟಿ, ಗಡಿಯಾಚೆ ಕರ್ನಾಟಕದ ಪುತ್ತೂರಿಗೆ. ಮುದ್ದಣ್ಣ ಮುಂದಿನ ಬಸ್ಸಿಗೆ ಬಡಿದು ಏನೋ ಕೂಗಿದ. ಪಾತುಮ್ಮನಿಗೆ ಪುತ್ತಿಗೆ ಅಂತ ಕೇಳಿತು. ಹತ್ತಿದರು, ಕಿಟಕಿ ಪಕ್ಕ ಸೀಟು ಸಿಕ್ಕಿತು, ಗಾಳಿಗೆ ನಿದ್ದೆಯೂ ಬಂತು. ಜನರನ್ನು ಸರಿಸಿಕೊಂಡು ಕಂಡಕ್ಟರ್ ಅವರ ಹತ್ತಿರ ಮುಟ್ಟಿ ಟಿಕೆಟ್ ಕೇಳುವಾಗ ಬಸ್ಸು ನೀರ್ಚಾಲಿನಲ್ಲಿತ್ತು.

ಅಲ್ಲಿಂದ ತಿರುಗಿ ಬಂದವರು ಸೀದಾ ಮುದ್ದಣ್ಣನ ಎದುರು ಬಂದು ನಿಂತರು.

"ಓ ಮುದ್ದಣ್ಣ, ನನ್ನನ್ನು ಕರ್ನಾಟಕಕ್ಕೆ ಸಾಗಿಸ್ಲಿಕ್ಕೆ ಹೊರಟದ್ದಾ ನೀನು?"

"ಎಂತ ಆಯ್ತು ಉಮ್ಮ?"

"ಪುತ್ತಿಗೆ ಅಂತ ಹೇಳಿ ಪುತ್ತೂರು ಬಸ್ಸಿಗೆ ಹತ್ತಿಸಿದ್ದಲ್ಲ ಮಾರಾಯ! ನಿದ್ದೆ ಇನ್ನೂ ಸ್ವಲ್ಪ ಗಟ್ಟಿ ಬಂದಿದ್ದರೆ ನನ್ನ ಗತಿ ಎಂತ?"

"ನಾನು ಪುತ್ತೂರು ಅಂತಲೇ ಹೇಳಿದ್ದು."

"ಈಗ ಪುತ್ತಿಗೆ ಹೇಳು ನೋಡುವ."

ಹೇಳಿದ.

"ಪುತ್ತೂರು ಹೇಳು."

ಅದನ್ನೂ ಹೇಳಿದ. ಪಾತುಮ್ಮ ಬಸ್ಸಿನ ಬಾಗಿಲಿಗೆ ಒರಗಿ ನಿಂತಿದ್ದ ಕಂಡಕ್ಟರ್ ಭವಿತ್‌ನ ಮುಖ ನೋಡಿದರು. ಅವನು ನಗು ತಡೆದುಕೊಂಡು, "ಎರಡೂ ಒಂದೇ ಹಾಗೆ ಕೇಳ್ತದೆ ಮುದ್ದಣ್ಣ. ಸುಮಾರು ಸಮಯ ಆಯ್ತು. ನಾವು ಬಸ್ಸಿನವರು ನಿಮ್ಮ ಕೈ ಯಾವ ಬಸ್ಸಿನ ಮೇಲೆ ಉಂಟು ಅಂತ ನೋಡಿಕೊಳ್ಳುವುದು, ಅಷ್ಟೇ," ಅಂದ.

ಮುದ್ದಣ್ಣನಿಗೆ ತಲೆಬುಡ ಅರ್ಥವಾಗಲಿಲ್ಲ. ಅವನ ಕಿವಿಗೆ ಎರಡೂ ಬೇರೆ ಬೇರೆಯಾಗಿಯೇ ಕೇಳುತ್ತಿತ್ತು, ಗಂಟೆ ಬಡಿದ ಹಾಗೆ. ತನ್ನ ಬಾಯಿಂದ ಹೊರಟದ್ದು ತನ್ನ ಕಿವಿಗೆ ಒಂದು ಥರ, ಊರಿನ ಕಿವಿಗೆ ಇನ್ನೊಂದು ಥರ ಮುಟ್ಟುವುದು ಹೇಗೆ?

"ಬಾಯಿ ಬಿಡು," ಅಂದರು ಪಾತುಮ್ಮ.

ಬಿಟ್ಟ.

"ಪೂರ್ತಿ ಬಿಡು ಮಾರಾಯ, ನಾಚಿಕೆ ಎಂತ?"

"ಇದೇ ಪೂರ್ತಿ."

ಭವಿತ್‌ನ ನಗು ನಿಂತಿತು.

ಆ ದಿನ ಮನೆಗೆ ಹೋಗಿ ಕನ್ನಡಿಯೆದುರು ನಿಂತ. ಬಾಯಿ ಬಿಟ್ಟರೆ ಒಳಗೆ ಬೆಳಕು ಹೋಗುವಷ್ಟು ಜಾಗ ಇಲ್ಲ. ಹರಿಣಾಕ್ಷಿ ಮೊಬೈಲಿನ ಲೈಟು ಹಿಡಿದು, ಕೆನ್ನೆಯನ್ನು ಚಮಚದ ಹಿಡಿಯಿಂದ ಸರಿಸಿ ನೋಡಿದಳು. ಎಡಗೆನ್ನೆಯ ಒಳಗೆ ಬೆಳ್ಳಗೆ ಒಂದು ತೇಪೆ. ಬೆರಳಿನಿಂದ ಉಜ್ಜಿದಳು, ಹೋಗಲಿಲ್ಲ.

"ನೋವಾಗ್ತದಾ?"

"ಇಲ್ಲ."

"ಹಾಗಾದರೆ ಸುಣ್ಣ ಸುಟ್ಟದ್ದು," ಅಂದಳು ನಿರಾಳವಾಗಿ.

ಎಲೆ ಹಾಕುವವರ ಮನೆಯಲ್ಲಿ ಇದು ಗೊತ್ತಿಲ್ಲದವರು ಯಾರು? ಸುಣ್ಣ ಒಂದು ಚೂರು ಜಾಸ್ತಿಯಾದರೆ ಬಾಯಿ ಬೆಳ್ಳಗೆ ಬೇಯುತ್ತದೆ, ಸಿಪ್ಪೆ ಏಳುತ್ತದೆ, ನಾಲ್ಕು ದಿನದಲ್ಲಿ ತಾನೇ ಹೋಗುತ್ತದೆ. ಮುದ್ದಣ್ಣನ ಅಪ್ಪನಿಗೂ ಸುಟ್ಟಿತ್ತು, ಅಜ್ಜಿಗೂ ಸುಟ್ಟಿತ್ತು. ಹರಿಣಾಕ್ಷಿ ಅವನ ಡಬ್ಬಿಯ ಸುಣ್ಣವನ್ನು ತೆಂಗಿನಬುಡಕ್ಕೆ ಚೆಲ್ಲಿದಳು. ಬೇರೆ ಅಂಗಡಿಯಿಂದ ಚಿಪ್ಪಿನ ಸುಣ್ಣ ಬಂತು. ಎಳೆ ತೆಂಗಿನಕಾಯಿ ಅಗಿದು ನೋಡಿದ್ದಾಯಿತು. ತುಪ್ಪ ಸವರಿದ್ದಾಯಿತು. ಹಳೆಯ ಅಂಗಡಿಯವನಿಗೆ ಮುದ್ದಣ್ಣ, "ಗೋಡೆಗೆ ಬಳಿಯುವ ಸುಣ್ಣ ಕೊಡ್ತೀಯಾ ನೀನು?" ಅಂತ ನಾಲ್ಕು ಜನರ ಎದುರು ಕೇಳಿ ಜಗಳವನ್ನೂ ಮಾಡಿದ. ಅವನು, "ನನ್ನ ಸುಣ್ಣ ತಿಂದವರು ಯಾರೂ ಹೀಗೆ ಹೇಳಿಲ್ಲ, ನಿಮ್ಮ ಬಾಯಿಯದ್ದೇ ಕೇಡು," ಅಂದುಬಿಟ್ಟ. ಬೆಳ್ಳಗಿನ ತೇಪೆ ಮಾತ್ರ ಇದ್ದಲ್ಲೇ ಇತ್ತು.

ಈಗ ನೋಡಿದರೆ ಎಷ್ಟೋ ಸಂಗತಿ ಒಂದರ ಪಕ್ಕ ಒಂದು ಬಂದು ಕುಳಿತುಕೊಳ್ಳುತ್ತಿತ್ತು. ಅನ್ನದ ತುತ್ತು ಸಣ್ಣದಾಗಿ ಎಷ್ಟು ಸಮಯವಾಯಿತು? ಆಕಳಿಕೆ ಅರ್ಧಕ್ಕೇ ನಿಲ್ಲುವುದು ಯಾವಾಗಿನಿಂದ? ಮೀನಿನ ಸಾರು ಬಾಯಿಗಿಟ್ಟರೆ ಬೆಂಕಿ, ಅದಕ್ಕೆ ಮೊಸರನ್ನ ಕಲಸಿಕೊಂಡು ಎದ್ದು ಬಿಡುವುದು.

"ನನ್ನ ಅಡಿಗೆ ನಿಮಗೆ ಬೇಡವಾಯ್ತು ಅಂತ ನಾನು ಎರಡು ಮಳೆಗಾಲ ಬೇಜಾರಿನಲ್ಲಿದ್ದೆ ಮಾರಾಯ್ರೇ," ಅಂದಳು ಹರಿಣಾಕ್ಷಿ. "ಬಾಯಿ ಉರಿಯುವುದು ಅಂತ ಒಂದು ಮಾತು ಹೇಳ್ಲಿಕ್ಕೆ ಎಂತ?"

"ಎಲ್ಲರಿಗೂ ಉರೀತದೆ ಅಂತ ಗ್ರಹಿಸಿದ್ದೆ. ನೀನು ಮೆಣಸು ಜಾಸ್ತಿ ಹಾಕ್ತೀಯಲ್ಲ."

ಮುಂದಿನ ತಿಂಗಳ ಮಾತ್ರೆಗೆ ಬಂದ ಪಾತುಮ್ಮ ಬಸ್ಸು ಹತ್ತುವ ಬದಲು ಮುದ್ದಣ್ಣನ ಅಂಗಿಯ ತೋಳು ಹಿಡಿದರು.

"ಬಾಯಿ ಸರಿಯಾಯ್ತಾ?"

"ಸುಣ್ಣ ಬದಲಿಸಿದೆ ಉಮ್ಮ."

"ಸುಣ್ಣ ಬದಲಾಯ್ತು. ಬಾಯಿ?"

ರಸ್ತೆಯ ಆಚೆ, ಮೆಡಿಕಲ್ ಶಾಪಿನ ಮೇಲಿನ ಮಾಳಿಗೆಯಲ್ಲಿ ಪಾತುಮ್ಮನ ಮಗಳ ಮಗಳು ಶಮೀಮಾ ಹಲ್ಲಿನ ಕ್ಲಿನಿಕ್ ಇಟ್ಟಿದ್ದಳು. ಪಾತುಮ್ಮ ಅತ್ತ ಎಳೆದರು, ಮುದ್ದಣ್ಣ ಇತ್ತ ಎಳೆದ.

"ನನ್ನ ಹಲ್ಲೆಲ್ಲ ಗಟ್ಟಿ ಉಂಟು. ಹಲ್ಲಿನ ಡಾಕ್ಟ್ರು ಎಂತಕ್ಕೆ?"

"ಹಲ್ಲು ಎಲ್ಲಿ ಉಂಟು ಮಾರಾಯ, ಮೊಣಕಾಲಿನಲ್ಲಾ?"

ಮುದ್ದಣ್ಣ ಮೆಟ್ಟಿಲು ಹತ್ತಿದ. ಆದರೂ ಮನಸ್ಸಿನೊಳಗೆ ಲೆಕ್ಕ ಸರಿಬರಲಿಲ್ಲ. ಹಲ್ಲು ನೋವಾದರೆ ಹಲ್ಲಿನವರು, ಗಂಟಲು ನೋವಾದರೆ ಗಂಟಲಿನವರು. ಎರಡರ ನಡುವಿನ ಈ ಕೆನ್ನೆ ಯಾರ ಪಾಲಿನದ್ದು? ನೋವೇ ಇಲ್ಲದ ಮೇಲೆ ಯಾರ ಪಾಲಿನದ್ದೂ ಅಲ್ಲವೇ?

ಶಮೀಮಾ ಅವನನ್ನು ಉದ್ದದ ಕುರ್ಚಿಯಲ್ಲಿ ಒರಗಿಸಿ ತಲೆಯ ಮೇಲೆ ದೀಪ ಹಾಕಿದಳು. "ಮುದ್ದಣ್ಣ, ನಿಮ್ಮ ಮೂರು ಬೆರಳು ಒಂದರ ಮೇಲೆ ಒಂದು ಇಟ್ಟು ಬಾಯೊಳಗೆ ಹಾಕಿ ನೋಡುವ."

ಮುದ್ದಣ್ಣ ಎದ್ದು ಕುಳಿತ. "ವಾಂತಿ ಮಾಡಿಸ್ಲಿಕ್ಕಾ ಡಾಕ್ಟ್ರೇ? ನಾನು ವಿಷ ಎಂತದ್ದೂ ತಿಂದಿಲ್ಲ."

"ವಾಂತಿಗಲ್ಲ. ಬಾಯಿ ಎಷ್ಟು ತೆರೀತದೆ ಅಂತ ಅಳತೆಗೆ."

ಹಾಕಿದ. ಎರಡನೆಯ ಬೆರಳಿಗೇ ಹಲ್ಲು ತಾಗಿ ನಿಂತಿತು. ಮೂಲೆಯ ಸ್ಟೂಲಿನಲ್ಲಿದ್ದ ಪಾತುಮ್ಮ ತಮ್ಮ ಬಾಯಿಗೆ ಬೆರಳು ತುರುಕಿ, ಮೂರೂ ಸಲೀಸಾಗಿ ಹೋದದ್ದು ಕಂಡು, ನಾಲ್ಕನೆಯದನ್ನೂ ಸೇರಿಸಿ ತೋರಿಸಿದರು.

"ನಿಮ್ಮ ಬಾಯಿ ದೊಡ್ಡದು ಅಂತ ಪುತ್ತಿಗೆಗೆಲ್ಲ ಗೊತ್ತುಂಟು ಉಮ್ಮ," ಅಂದ ಮುದ್ದಣ್ಣ. ಎಲ್ಲರೂ ನಕ್ಕರು. ನಗುವಾಗಲೂ ಅವನ ಬಾಯಿ ಅಷ್ಟೇ ತೆರೆದದ್ದನ್ನು ಶಮೀಮಾ ನೋಡಿದಳು.

ಆಮೇಲೆ ಅವಳು ಹಲ್ಲನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದಳು. ಬಟ್ಟೆಯ ತುಂಡಿನಲ್ಲಿ ನಾಲಗೆ ಹಿಡಿದು ಆ ಬದಿ ಈ ಬದಿ ಎಳೆದಳು, ಅಡಿಯಲ್ಲಿ ನೋಡಿದಳು, ಎರಡೂ ಕೆನ್ನೆಯನ್ನು ಒತ್ತಿದಳು, ಗದ್ದದ ಕೆಳಗೆ, ಕುತ್ತಿಗೆಯ ಬದಿಯಲ್ಲಿ ಗಂಟು ಹುಡುಕಿದಳು. ಎಡಗೆನ್ನೆಯ ಹತ್ತಿರ ಬೆರಳು ಸ್ವಲ್ಪ ಹೊತ್ತು ನಿಂತಿತು.

"ಮೊದಲು ಹಲ್ಲಿನ ಡಾಕ್ಟ್ರ ಹತ್ತಿರ ಹೋದದ್ದು ಯಾವಾಗ?"

"ಹೋಗಿಲ್ಲ. ಹಲ್ಲು ನೋವು ಬಂದರೆ ಅಲ್ವಾ?"

"ನೋವು ಬರುವ ಮೊದಲೇ ಬರಬೇಕು ಮುದ್ದಣ್ಣ. ವರ್ಷಕ್ಕೆ ಒಮ್ಮೆಯಾದರೂ. ನಾವು ಹಲ್ಲಿನ ನೆಪದಲ್ಲಿ ಇಡೀ ಬಾಯಿ ನೋಡ್ತೇವೆ. ಬಾಯಿಯಲ್ಲಿ ಶುರುವಾಗುವ ಕೆಲವು ರೋಗ ಮೊದಲಿಗೆ ನೋವೇ ಕೊಡುವುದಿಲ್ಲ. ಬೆಳ್ಳಗೆ, ಇಲ್ಲದಿದ್ದರೆ ಕೆಂಪಗೆ ಕಲೆ, ಎರಡು ವಾರವಾದರೂ ಮಾಸದ ಹುಣ್ಣು. ಅದು ಯಾರಿಗೂ ತೊಂದರೆ ಕೊಡದೆ ಸುಮ್ಮನೆ ಇರ್ತದೆ."

"ಇದು ಸುಣ್ಣ ಸುಟ್ಟದ್ದಲ್ವಾ?"

"ಸುಣ್ಣ ಸುಟ್ಟದ್ದು ಇಷ್ಟು ಸಮಯ ಇರುವುದಿಲ್ಲ. ಕೆನ್ನೆಯೂ ಒಳಗಿನಿಂದ ಹಗ್ಗದ ಹಾಗೆ ಬಿಗಿದಿದೆ. ಅದಕ್ಕೇ ಬಾಯಿ ತೆರೆಯದ್ದು, ಮಾತು ಸ್ಪಷ್ಟ ಬಾರದ್ದು. ಇನ್ನು ಎಲೆಅಡಿಕೆ ಬಿಡಬೇಕು."

"ಹೊಗೆಸೊಪ್ಪು ಬಿಟ್ಟು ಎಷ್ಟೋ ವರ್ಷ ಆಯ್ತು ಮಗಳೇ!"

"ಒಳ್ಳೆದು. ಈಗ ಅಡಿಕೆಯನ್ನೂ."

"ಅಡಿಕೆ... ಅಡಿಕೆ ಅಲ್ವಾ ಅದು?"

"ಅಡಿಕೆಯೇ. ಕೆನ್ನೆ ಬಿಗಿಸಿದ್ದು ಅದೇ. ಹೊಗೆಸೊಪ್ಪು ಇಲ್ಲದೆಯೂ ಅದು ಕೆಲಸ ಮಾಡ್ತದೆ."

ಮುದ್ದಣ್ಣ ಬಾಯಿ ಮುಚ್ಚಿ ದೀಪವನ್ನೇ ನೋಡುತ್ತ ಮಲಗಿದ. ದೇವರ ಎದುರು ಇಡುವುದು ಅಡಿಕೆ. ಹೆಣ್ಣು ಕೇಳಲು ಹೋದರೆ ಅಡಿಕೆ. ಮದ್ದು ಕೊಡುವ ಪಂಡಿತರಿಗೆ ದಕ್ಷಿಣೆಯ ಜತೆ ಅಡಿಕೆ. ಊರಿಗೆ ಊರೇ ಅದರಿಂದ ಉಣ್ಣುತ್ತದೆ. ಅದು ತನ್ನ ಕೆನ್ನೆಗೆ ಯಾಕೆ ಹೀಗೆ ಮಾಡಿತು? ಅಡಿಕೆ ಸುಳ್ಳಾ, ಈ ಹುಡುಗಿ ಸುಳ್ಳಾ? ಹುಡುಗಿಯ ಮುಖ ನೋಡಿದರೆ ಸುಳ್ಳು ಹೇಳುವವಳ ಹಾಗೆ ಇಲ್ಲ. ಅಡಿಕೆಯ ಮುಖವೂ ಹಾಗೆ ಇರಲಿಲ್ಲವಲ್ಲ.

ಕಲೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂತ ಶಮೀಮಾ ಹೇಳಿದಾಗ ಅವನು, "ಹೆಂಡತಿಯ ಹತ್ತಿರ ಕೇಳಿ ಬರ್ತೇನೆ," ಅಂತ ಇಳಿದುಬಿಟ್ಟ. ಕೇಳಿದ್ದು ಹೆಂಡತಿಯ ಹತ್ತಿರ ಮಾತ್ರವಲ್ಲ. ಚಹಾದಂಗಡಿಯಲ್ಲಿ ಒಬ್ಬರು, ಕತ್ತಿ ಮುಟ್ಟಿಸಿದರೆ ಇಡೀ ಮೈಗೆ ಹರಡುತ್ತದೆ ಅಂದರು. ಇನ್ನೊಬ್ಬರು, ಮುಟ್ಟಿಸದಿದ್ದರೆ ಹರಡುತ್ತದೆ ಅಂದರು. ಮೂರನೆಯವರು ಅದು ಉಷ್ಣ, ಎಳನೀರು ಕುಡಿ ಅಂದರು. ಇದೆಲ್ಲವನ್ನೂ ಮನೆಗೆ ಹೊತ್ತುಕೊಂಡು ಬಂದು ಹರಿಣಾಕ್ಷಿಯ ಎದುರು ಸುರಿದ.

ಅವಳು ಅಕ್ಕಿ ತೊಳೆಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಚಹಾದಂಗಡಿಯವರು ನಿಮ್ಮ ಬಾಯೊಳಗೆ ನೋಡಿದ್ದಾರಾ?"

"ಇಲ್ಲ."

"ನೋಡಿದವರು ಎಂತ ಹೇಳಿದ್ದಾರೋ ಅದನ್ನು ಮಾಡುವ. ನಾನೂ ಬರ್ತೇನೆ."

ಚೂರು ತೆಗೆಯುವ ಮೊದಲು ಶಮೀಮಾ ಅವಳಿಗೂ ಹೇಳಿದಳು, ಇಷ್ಟು ತೆಗೆದದ್ದರಿಂದ ಯಾವುದೂ ಹರಡುವುದಿಲ್ಲ, ತೆಗೆಯದೆ ಅದು ಏನೆಂದು ಗೊತ್ತಾಗುವುದಿಲ್ಲ ಅಂತ. ಇರುವೆ ಕಚ್ಚಿದ ಹಾಗೆ ಒಂದು ಇಂಜೆಕ್ಷನ್, ಆಮೇಲೆ ಕೆನ್ನೆಯೇ ತನ್ನದಲ್ಲ ಎಂಬಂತೆ ಜೋಮು. ಮುಗಿದೇ ಹೋಯಿತು.

ಮುಗಿಯದೆ ಉಳಿದದ್ದು ಕಾಯುವುದು. ಆ ದಿನಗಳಲ್ಲಿ ಮುದ್ದಣ್ಣ ಸ್ಟ್ಯಾಂಡಿನಲ್ಲಿ ಕೂಗಲು ಬಾಯಿ ತೆರೆದರೆ ಮೊದಲು ಭಯ ಹೊರಡುತ್ತಿತ್ತು, ಊರಿನ ಹೆಸರು ಅದರ ಹಿಂದೆ. ನಾಲಗೆ ತೆಗೆದರೆ? ಕೆನ್ನೆ ತೆಗೆದರೆ? ಬೇರೆ ಕೆಲಸ ಅವನಿಗೆ ಬರುವುದಿಲ್ಲ. ಕೈಯಲ್ಲಿ ಮಾಡುವುದನ್ನು ಕಲಿತೇ ಇರಲಿಲ್ಲ. ಬದುಕಿದ್ದೇ ಬಾಯಿಯಿಂದ.

ಫಲಿತಾಂಶ ಬಂದ ದಿನ ಅವನೊಬ್ಬನೇ ಹೋದ.

"ಕ್ಯಾನ್ಸರ್ ಅಲ್ಲ," ಅಂದಳು ಶಮೀಮಾ.

ಮುದ್ದಣ್ಣ ಕೈ ಮುಗಿದು ಎದ್ದೇಬಿಟ್ಟ.

"ಕೂತುಕೊಳ್ಳಿ ಮುದ್ದಣ್ಣ, ಪೂರ್ತಿ ಹೇಳಿಲ್ಲ. ಆ ಕಲೆಯ ಒಳಗೆ ಬದಲಾವಣೆ ಶುರುವಾಗಿದೆ. ಹಾಗೇ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗುವ ಸಂಭವ ಉಂಟು."

"ಹಾಗಾದರೆ ಉಂಟು."

"ಇಲ್ಲ."

"ಹಾಗಾದರೆ ಇಲ್ಲ."

"ಇಲ್ಲ ಅಂತ ಕೈಬಿಡುವ ಹಾಗೆ ಇಲ್ಲ."

"ಡಾಕ್ಟ್ರೇ, ನಾನು ಬಸ್ಸಿನವನು. ಹೋಗ್ತದೆ, ಇಲ್ಲದಿದ್ದರೆ ಹೋಗುವುದಿಲ್ಲ. ನಡುವಿನದ್ದು ನನಗೆ ತಿಳಿಯುವುದಿಲ್ಲ."

ಶಮೀಮಾ ರಿಪೋರ್ಟು ಮಡಚಿಟ್ಟಳು. "ಕಲೆಯನ್ನು ಈಗಲೇ ತೆಗೆಸಿಬಿಡುವ. ಮಂಗಳೂರಿನಲ್ಲಿ ನನ್ನ ಗುರುಗಳು ಇದ್ದಾರೆ, ನಾನೇ ಮಾತಾಡ್ತೇನೆ. ಈಗ ತೆಗೆದರೆ ಹೋಗುವುದು ಉಗುರಿನಷ್ಟು ಜಾಗ. ಕಾದರೆ ಎಷ್ಟು ತೆಗೀಬೇಕಾದೀತು ಅಂತ ನನಗೆ ಗೊತ್ತಿಲ್ಲ."

"ಕೂಗ್ಲಿಕ್ಕೆ ಆಗ್ತದಾ ಆಮೇಲೆ?"

"ಈಗ ತೆಗೆದರೆ ಆಗ್ತದೆ ಅಂತಲೇ ನನ್ನ ನಂಬಿಕೆ. ಬಾಯಿ ತೆರೆಯುವ ವ್ಯಾಯಾಮ ಮಾಡಬೇಕು. ಅಡಿಕೆ ಮುಟ್ಟಬಾರದು."

ಮನೆಗೆ ಬಂದವನನ್ನು ಹರಿಣಾಕ್ಷಿ ಅಂಗಳದಲ್ಲೇ ಹಿಡಿದಳು. ಅವನು ಕ್ಯಾನ್ಸರ್ ಅಲ್ಲ ಅಂದ, ಅವಳ ಮುಖ ಅರಳಿತು. ಆದರೆ ಆಗಬಹುದು ಅಂದ, ಬಾಡಿತು. ತೆಗೆಸಬೇಕು ಅಂದ, ಕಣ್ಣು ತುಂಬಿತು. ಉಗುರಿನಷ್ಟೇ ಅಂದ.

"ನಗುವುದಾ ಅಳುವುದಾ, ಅದನ್ನಾದರೂ ಸರಿಯಾಗಿ ಹೇಳಿ ಮಾರಾಯ್ರೇ," ಅಂದಳು.

ಅದು ಅವನಿಗೂ ಗೊತ್ತಿರಲಿಲ್ಲ.

ಮಂಗಳೂರಿಗೆ ಹೋಗುವ ಹಿಂದಿನ ಸಂಜೆ ಪಕ್ಕದ ಮನೆಯ ಶ್ರೀಕೃಷ್ಣಣ್ಣ ಮಗಳು ಮೋಕ್ಷಿತಾಳ ಮದುವೆಗೆ ಕರೆಯಲು ಬಂದರು. ಕಾಗದ ಕೊಟ್ಟು ಹೋಗುವ ಕರೆಯಲ್ಲ ಅದು. ಹರಿಣಾಕ್ಷಿ ವಾಡಿಕೆಯಂತೆ ಎಲೆಅಡಿಕೆಯ ತಟ್ಟೆ ತಂದು ನಡುವೆ ಇಟ್ಟಳು. ಇಟ್ಟ ಮೇಲೆ ನಾಲಗೆ ಕಚ್ಚಿಕೊಂಡಳು. ಶ್ರೀಕೃಷ್ಣಣ್ಣ ಎಲೆ ಮಡಚಿ ತಾವೊಂದು ಹಾಕಿ, ಇನ್ನೊಂದನ್ನು ಮುದ್ದಣ್ಣನ ಕಡೆ ಚಾಚಿದರು. ಅವನು ತೆಗೆದುಕೊಂಡ. ಬೆರಳ ನಡುವೆ ಹಿಡಿದ. ಬಾಯಿಗೆ ಹೋಗಲಿಲ್ಲ, ತಟ್ಟೆಗೂ ಬರಲಿಲ್ಲ.

"ಎಂತ ಮುದ್ದಣ್ಣ, ನನ್ನ ಮೇಲೆ ಬೇಜಾರುಂಟಾ?"

"ಛೆ, ಇಲ್ಲ."

"ಮತ್ತೆ? ಮೊದಲ ಕರೆ ನಿಮ್ಮ ಮನೆಗೇ ತಂದದ್ದು. ಎಲೆ ಮುಟ್ಟದೆ ಕೂತರೆ ನಾನು ಎಂತ ತಿಳೀಬೇಕು?"

ಸುಳ್ಳು ಹೇಳಲು ಮುದ್ದಣ್ಣ ನೋಡಿದ. ಹಲ್ಲುನೋವು ಅನ್ನಬಹುದಿತ್ತು, ವ್ರತ ಅನ್ನಬಹುದಿತ್ತು. ಯಾವುದೂ ಬಾಯಿಗೆ ಬರಲಿಲ್ಲ.

"ನನಗೆ ಬಾಯಿಯಲ್ಲಿ ಕ್ಯಾನ್ಸರ್... ಆಗಿಲ್ಲ. ಆಗ್ಲಿಕ್ಕೆ ಹೊರಟದ್ದು. ಡಾಕ್ಟ್ರು ಹಿಡಿದಿದ್ದಾರೆ. ನಾಳೆ ತೆಗೀತಾರೆ. ಇದರಿಂದಲೇ ಬಂದದ್ದಂತೆ," ಅಂತ ಕೈಯಲ್ಲಿದ್ದದ್ದನ್ನು ತೋರಿಸಿದ.

ಸಮಾಧಾನ ಹೇಳಬೇಕೋ, ಒಳ್ಳೆದಾಯಿತು ಅನ್ನಬೇಕೋ ಶ್ರೀಕೃಷ್ಣಣ್ಣನಿಗೆ ತಿಳಿಯಲಿಲ್ಲ. "ಹೋ," ಅಂದರು. ಆಮೇಲೆ, "ಅಡಿಕೆಯಿಂದಲಾ?" ಅಂದರು. ಕೆನ್ನೆಯಲ್ಲಿದ್ದದ್ದನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಿಸಿದರು, ಅಲ್ಲೂ ಸಮಾಧಾನವಾಗದೆ ಎದ್ದು ಅಂಗಳದ ತುದಿಗೆ ಹೋಗಿ ಉಗಿದು ಬಂದರು. ಬಂದವರು ಕುಳಿತುಕೊಳ್ಳಲಿಲ್ಲ. "ಮದುವೆಗೆ ಬನ್ನಿ. ಊಟಕ್ಕೆ ಖಾರ ಕಡಿಮೆ ಹಾಕ್ಲಿಕ್ಕೆ ಹೇಳ್ತೇನೆ," ಅಂತ ಹೊರಟರು.

ಮಂಗಳೂರಿನಲ್ಲಿ ಆದದ್ದನ್ನು ಮುದ್ದಣ್ಣ ಕೇಳಿದವರಿಗೆಲ್ಲ, "ನನಗೆ ಗೊತ್ತಿಲ್ಲ, ನಾನು ಮಲಗಿದ್ದೆ," ಅಂತಲೇ ಹೇಳುವುದು. ಎದ್ದ ಮೇಲೆ ಕೆನ್ನೆ ಊದಿತ್ತು, ಕೆಲವು ವಾರ ಗಂಜಿ, ಕೆಲವು ವಾರ ಮೌನ. ತೆಗೆದ ತುಂಡನ್ನೂ ಪರೀಕ್ಷೆ ಮಾಡಿದರು. ಅಂಚೆಲ್ಲ ಶುದ್ಧ ಬಂದಿದೆ, ಕೆಟ್ಟದ್ದು ಉಳಿದಿಲ್ಲ ಅಂತ ಶಮೀಮಾ ಫೋನಿನಲ್ಲಿ ಹೇಳಿದಳು. ಐಸ್‌ಕ್ರೀಮಿನ ಕಡ್ಡಿಗಳನ್ನು ಹಲ್ಲಿನ ನಡುವೆ ಇಟ್ಟು, ದಿನ ಹೋದ ಹಾಗೆ ಒಂದೊಂದು ಹೆಚ್ಚಿಸಿ, ಬಾಯಿ ಅಗಲಿಸುವ ವ್ಯಾಯಾಮ ಶುರುವಾಯಿತು. ಕಣ್ಣಲ್ಲಿ ನೀರು ಬರುವಷ್ಟು ನೋವು. ನೋವಿಲ್ಲದಾಗ ರೋಗ, ವಾಸಿಯಾಗುವಾಗ ನೋವು. ಇದೆಂಥ ಕ್ರಮವೋ ಅವನಿಗೆ ಅರ್ಥವಾಗಲಿಲ್ಲ. ಅಡಿಕೆ ಇಲ್ಲದ ಕೆನ್ನೆ ಮಾತ್ರ ಬಾಡಿಗೆಗೆ ಹೋಗದ ಕೋಣೆಯ ಹಾಗೆ ಬಿಕೋ ಅನ್ನುತ್ತಿತ್ತು. ಕೈ ತಾನಾಗಿ ಸೊಂಟದ ಎಲೆಅಡಿಕೆ ಚೀಲ ತಡಕುತ್ತಿತ್ತು. ಹರಿಣಾಕ್ಷಿ ಅದರಲ್ಲಿ ಏಲಕ್ಕಿ ತುಂಬಿಸಿಟ್ಟಳು.

ಸ್ಟ್ಯಾಂಡಿಗೆ ಮರಳಿದ. ಮೊದಲ ದಿನ ಸ್ವರ ಅರ್ಧಕ್ಕೇ ನಿಂತಿತು. ಹದಿನೈದು ದಿನದಲ್ಲಿ ರಸ್ತೆಯ ಆಚೆಗೆ ಮುಟ್ಟಿತು. ಹಳೆಯ ಸ್ವರವಲ್ಲ, ಸ್ವಲ್ಪ ಒರಟು. ಆದರೆ ಅದನ್ನು ಕೇಳಿ ಹತ್ತಿದವರು ಯಾರೂ ಬೇರೆ ಊರಿಗೆ ಹೋಗಲಿಲ್ಲ.

ಹೇಳಿದ ಸಮಯಕ್ಕೆ ಸರಿಯಾಗಿ ಶಮೀಮಾಳ ಕುರ್ಚಿಯಲ್ಲಿ ಒರಗಿದ. ಅವಳು ಒಂದೊಂದಾಗಿ ನೋಡಿದಳು. ನಾಲಗೆ, ಕೆನ್ನೆ, ಕುತ್ತಿಗೆ.

"ಇವತ್ತು ಎಂತದೂ ಇಲ್ಲ."

"ಹಾಗಾದರೆ ಹೋಯ್ತು?"

"ಇವತ್ತು ಇಲ್ಲ. ಇನ್ನು ಮೂರು ತಿಂಗಳಿಗೆ ಬನ್ನಿ."

"ಎಷ್ಟು ಸಮಯ ಹೀಗೆ ಬರುವುದು?"

"ಬಾಯಿ ಇರುವಷ್ಟು ಸಮಯ. ಎಲ್ಲ ಸರಿ ಇದ್ದರೆ ಮುಂದೆ ಮುಂದೆ ಸ್ವಲ್ಪ ದೂರ ಮಾಡುವ."

ಸಂತೋಷಪಡಲು ಇಷ್ಟು ಸಾಕೋ, ಇನ್ನೂ ಏನಾದರೂ ಬರಬೇಕೋ ಅಂತ ಅವನು ಕುರ್ಚಿಯಲ್ಲೇ ಕುಳಿತಿದ್ದ. ಆಮೇಲೆ ಕೇಳಿದ, "ಮೂರು ತಿಂಗಳು ಅಂದರೆ ಯಾವ ದಿನ?"

"ಯಾವ ದಿನವಾದರೂ ಆದೀತು."

"ಹಾಗೆ ಹೇಳಿದರೆ ನಾನು ಬರುವುದಿಲ್ಲ ಮಗಳೇ, ನನ್ನ ಬುದ್ಧಿ ನನಗೆ ಗೊತ್ತುಂಟು. ದಿನ ಹೇಳಿ."

ಅವಳು ಒಂದು ತಾರೀಖು ಹೇಳಿದಳು. ಮನೆಗೆ ಮುಟ್ಟಿದ ಕೂಡಲೇ ಅವನು ಹರಿಣಾಕ್ಷಿಗೆ ಅದನ್ನೇ ಮೊದಲು ಹೇಳಿದ, ಮರೆತುಹೋದೀತೆಂದು. ಅವಳು ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ, ಬೆರಳಿಟ್ಟು, ಅಲ್ಲೇ ನಿಂತಳು.

"ಅವತ್ತು ಅಮಾವಾಸ್ಯೆ ಮಾರಾಯ್ರೇ. ಒಳ್ಳೆ ಕೆಲಸಕ್ಕೆ ಯಾರಾದರೂ ಅಮಾವಾಸ್ಯೆಗೆ ಹೊರಡುವುದುಂಟಾ? ಬೇರೆ ದಿನ ಕೇಳಿ."

ಮುದ್ದಣ್ಣ ಕ್ಯಾಲೆಂಡರ್ ನೋಡಿದ, ಅವಳನ್ನು ನೋಡಿದ. ಇದು ಒಳ್ಳೆ ಕೆಲಸವೋ ಕೆಟ್ಟ ಕೆಲಸವೋ ಅಂತ ಒಂದು ಗಳಿಗೆ ಅವನಿಗೂ ಗೊಂದಲವಾಯಿತು.

"ಇರ್ಲಿ," ಅಂದ. "ಅಮಾವಾಸ್ಯೆ ದಿನ ಅಲ್ಲಿ ರಶ್ ಕಡಿಮೆ ಇರ್ತದೆ. ನೀನೂ ಬಾ, ನಿನ್ನ ಬಾಯಿಯನ್ನೂ ತೋರಿಸುವ."